ಬಾತುಗಳಿಗೆ ಗೊತ್ತಿದ್ದ ಕೋಟು

ಏಪ್ರಿಲ್ 26, ಬೆಳಿಗ್ಗೆ

ಕಡಲಪಾಚಿ ಇನ್ನೂ ಒಣಗಿಲ್ಲ. ನಿನ್ನೆ ತಿರುವಿ ಹಾಕಿದ್ದೆ, ಆಲಿಕಲ್ಲು ಬಿದ್ದು ಮತ್ತೆ ಹಸಿ. ಒಣಗಿದಷ್ಟನ್ನು ಹೆಕ್ಕಿ ಕೆಲವು ಗೂಡುಗಳಿಗೆ ಹಾಸಿ ಬಂದೆ. ಮೆತ್ತಗಿಲ್ಲದ ಕಡೆ ಕಡಲಬಾತುಗಳು ಮೊಟ್ಟೆ ಇಡುವುದಿಲ್ಲ, ಮಹಾರಾಣಿಯರು. ಹೆಂಡತಿ ಆಸ್ಲೌಗ್ ಇದ್ದಿದ್ದರೆ ಒಂದು ಹಿಡಿ ಹಿಂಡಿ ನೋಡಿ, "ಏನ್ರೀ, ಇದು ಹಾಸಿಗೆಯಾ, ಸಾರಾ?" ಅನ್ನುತ್ತಿದ್ದಳು. ಅವಳಿಲ್ಲದೆ ಇದು ಎರಡನೇ ವಸಂತ.

ದಂಡೆಯಲ್ಲಿ ಆಗಲೇ ಮೂವರು ಪ್ರವಾಸಿಗರು. ಬೂಟು ಕಳಚಿ ಮರಳಿನ ಮೇಲೆ ಕುಣಿಯುತ್ತ ಚೀರುತ್ತಿದ್ದರು. ತಣ್ಣಗಿದೆಯಂತೆ. ನಾರ್ವೆಯ ಸಮುದ್ರ ಏಪ್ರಿಲ್‌ನಲ್ಲಿ ತಣ್ಣಗಿರುತ್ತದೆ ಎಂದು ಕಂಡುಹಿಡಿಯಲು ಎಷ್ಟು ವಿಮಾನ ಹತ್ತಿಳಿದರೋ. ಎಲ್ಲ ಹಲ್‌ವಾರ್ಡನ ಪ್ರತಾಪ. ತನ್ನ ಬಾಡಿಗೆ ಗುಡಿಸಲುಗಳ ಜಾಹೀರಾತಿಗೆ ನಮ್ಮ ದಂಡೆಯ ಚಿತ್ರ ಹಾಕಿದ್ದಾನೆ. ಬಿಳಿ ಮರಳು, ಹಸಿರು ನೀರು, ಕೆಳಗೆ "ಉತ್ತರದ ಕ್ಯಾರಿಬಿಯನ್". ಚಿತ್ರದಲ್ಲಿ ಗಾಳಿ ಕಾಣುವುದಿಲ್ಲ. ಅವನ ವ್ಯಾಪಾರ ನಡೆಯುವುದೇ ಅದರಿಂದ.

ಏಪ್ರಿಲ್ 30

ಗುನ್ವೋರ್ ಬಂದಿದ್ದಳು. ಆಸ್ಲೌಗ್‌ಳ ತಂಗಿ, ಪಕ್ಕದ ಮನೆ, ಕರೆಯದೆ ಬರುವುದು ಅವಳ ಹಕ್ಕು. ಕಾಫಿ ಸುರಿದುಕೊಂಡಳು, ನನ್ನ ಚೀಸು ಹೆರೆದುಕೊಂಡಳು, ಆಮೇಲೆ ಶುರು.

"ಭಾವ, ಹೋದ ವರ್ಷ ನಿಮ್ಮ ಹಳದಿ ಮಳೆಯಂಗಿ ಹಾಕ್ಕೊಂಡು ಕೂತ್ರಿ. ಒಂದಾದ್ರೂ ಬಂತಾ?"

"ಹೋದ ವರ್ಷ ಗಾಳಿ ಸರಿ ಇರಲಿಲ್ಲ."

"ಗಾಳಿ ಸರಿಯಾಗೇ ಇತ್ತು. ನೀವು ಸರಿ ಇರಲಿಲ್ಲ. ಅವಕ್ಕೆ ಗೊತ್ತಿರೋದು ಅಕ್ಕನ ಕಂದು ಕೋಟು, ನೀಲಿ ತಲೆವಸ್ತ್ರ. ಹಾಕ್ಕೊಳ್ಳಿ."

"ಹೆಂಗಸರ ಕೋಟು."

"ಬಾತುಗಳೂ ಹೆಂಗಸರೇ. ಗಂಡುಗಳು ಕೆಲಸ ಮುಗಿಸಿ ಸಮುದ್ರಕ್ಕೆ ಓಡ್ತಾವೆ, ನಿಮಗೆ ಗೊತ್ತಿಲ್ವಾ?"

ಚೀಸು ಎತ್ತಿ ಒಳಗಿಟ್ಟೆ. ಆದರೆ ಅವಳು ಹೇಳಿದ್ದು ನಿಜ. ಬಾತು ಗೂಡಿನಲ್ಲಿ ಬಿಟ್ಟುಹೋಗುವ ಮೆತ್ತನೆಯ ತುಪ್ಪಳಕ್ಕಾಗಿ ಗೂಡು ಕಾಯುವವರು, ಅವು ಬಂದ ದಿನದಿಂದ ಮರಿ ನೀರಿಗಿಳಿಯುವವರೆಗೆ ಒಂದೇ ಬಟ್ಟೆಯಲ್ಲಿರಬೇಕು. ಬಟ್ಟೆ ಬೇರೆಯಾದರೆ ಮನುಷ್ಯನೂ ಬೇರೆ. ಕೂಗುವಂತಿಲ್ಲ, ಓಡುವಂತಿಲ್ಲ. ಅತ್ತೆ ಹೀಗೇ ಮಾಡಿದರು, ಅವರ ಮಗಳೂ ಹೀಗೇ ಮಾಡಿದಳು. ಎರಡು ವಸಂತ ಬಾತು ದಡ ಹತ್ತದಿದ್ದರೆ ಮೂರನೆಯದಕ್ಕೆ ಬೇರೆ ದ್ವೀಪ ಹುಡುಕಿಕೊಳ್ಳುತ್ತವೆ ಎನ್ನುತ್ತಿದ್ದರು ಅತ್ತೆ. ಹಾಗಾದರೆ ಈ ವರ್ಷವೇ ಕೊನೆ. ಆಸ್ಲೌಗ್ ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಅವು ಮಾತ್ರ. ಸುಮ್ಮನೆ ಬರೆದೆ ಇದನ್ನು.

ಮೇ 4

ಹಾಕಿಕೊಂಡೆ. ದೊಡ್ಡ ಮೈಯವಳು, ಆದರೂ ತೋಳು ನನ್ನ ಮಣಿಕಟ್ಟು ಮುಟ್ಟುವುದಿಲ್ಲ. ಮೂಗಿಗೆ ಡಾಂಬರು ಸೋಪು, ಒದ್ದೆ ಉಣ್ಣೆ, ಅವಳು. ಜೇಬಿನಲ್ಲಿ ನೂಲು ಅಂಟಿದ ಸೋಂಪಿನ ಮಿಠಾಯಿ ಒಂದು. ಎಸೆಯಲು ಹೋದೆ... ಬಾಯಿಗೆ ಹಾಕಿಕೊಂಡೆ.

ಕಲ್ಲುಗೋಡೆಯ ಬಳಿ ಕೂತೆ. ಬಾತುಗಳು ದೂರದ ನೀರಿನಲ್ಲಿ. ನೋಡುತ್ತಿದ್ದವು.

ಮೇ 6

ಬಂದವು. ಮೊದಲು ಒಂದು ಮುದುಕಿ, ಅತ್ತಿತ್ತ ಓಲಾಡುತ್ತ, ನನ್ನ ಕಾಲಿನ ಪಕ್ಕದಲ್ಲೇ ಹಾದು, ದೋಣಿಯ ಹಲಗೆಯಿಂದ ಮಾಡಿದ ಮೂಲೆಯ ಗೂಡು ಹೊಕ್ಕಿತು. ಯಾವಾಗಲೂ ಅದರದೇ ಆ ಗೂಡು. ಹಿಂದೆಯೇ ಉಳಿದವು. ಅಲುಗಾಡದೆ ಕೂತಿದ್ದೆ. ಮೂಗು ಸೋರುತ್ತಿತ್ತು, ಒರೆಸಲಿಲ್ಲ. ಗಾಳಿಗೆ.

ಮೇ 9

ಕೂಗುವಂತಿಲ್ಲ ಎಂಬುದೇ ದೊಡ್ಡ ಶಿಕ್ಷೆ. ಇಂದು ಒಬ್ಬ ಮಹಾನುಭಾವ ಹೆಂಡತಿಯನ್ನು ಬಂಡೆಯ ಮೇಲೆ ನಿಲ್ಲಿಸಿ, ಕೂದಲು ಹಾರುವಂತೆ ತಲೆ ಕೊಡವಿಸಿ, ಮತ್ತೆ ಕೊಡವಿಸಿ, ಫೋಟೋ ತೆಗೆದ. ಅವಳ ಹಲ್ಲು ಕಟಕಟ. ಆಮೇಲೆ ಇಬ್ಬರೂ ನೀರಿನ ಕಡೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಅದೇ ನೀರು ನೋಡಿದರು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಮನೆಗೆ ಬಂದು ಇಲ್ಲಿ ಬರೆಯುತ್ತೇನೆ. ಹೊಟ್ಟೆ ಉಬ್ಬರಿಸಿದೆ.

ಕೊನೆಗೆ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬೋರ್ಡು ಬರೆದು ದಾರಿಗೆ ನೆಟ್ಟೆ. ತ್ರೋಂಡ್‌ಹೈಮ್‌ನ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದು ದಂಡವಾಗಬಾರದು. "ಡಕ್ ಈಸ್ ಲೇಯಿಂಗ್. ಯು ಆರ್ ನಾಟ್ ನೆಸೆಸರಿ." ಬಾತು ಮೊಟ್ಟೆ ಇಡುತ್ತಿದೆ, ನಿಮ್ಮ ಅಗತ್ಯವಿಲ್ಲ. ಸಭ್ಯವಾಗಿದೆ, ಖಚಿತವಾಗಿದೆ.

ಮೇ 13

ಬೋರ್ಡಿನ ಫೋಟೋ ತೆಗೆಯಲು ಬರುತ್ತಿದ್ದಾರೆ. ಪಕ್ಕದಲ್ಲಿ ನಿಂತು ಹೆಬ್ಬೆರಳು ಎತ್ತುತ್ತಾರೆ. ಹಲ್‌ವಾರ್ಡ್ ಅಂಗಡಿಯಲ್ಲಿ ಬೆನ್ನು ತಟ್ಟಿದ. "ಭಲೇ ಐಲರ್ಟ್. ನನ್ನ ಜಾಹೀರಾತಿಗಿಂತ ನಿನ್ನ ಬೈಗುಳಕ್ಕೇ ಗಿರಾಕಿ ಜಾಸ್ತಿ ಮಾರಾಯ. ಇನ್ನೊಂದು ಬರೆದುಕೊಡ್ತೀಯಾ?"

ಬೋರ್ಡು ದಾಟಿ ಯಾರೂ ಒಳಗೆ ಕಾಲಿಡುವುದಿಲ್ಲ, ಅದೊಂದು ಸಮಾಧಾನ.

ಮೇ 17

ರಾಷ್ಟ್ರೀಯ ಹಬ್ಬ. ಇಡೀ ದ್ವೀಪ ಬೆಳ್ಳಿ ಗುಂಡಿ, ಕಸೂತಿಯ ಉಡುಪು. ನಾನು ಹೆಂಡತಿಯ ಕೋಟಿನಲ್ಲಿ. ಕಳಚಿದರೆ ಮತ್ತೆ ಹಾಕಿಕೊಳ್ಳುವ ಧೈರ್ಯ ಬರುತ್ತದೋ ಇಲ್ಲವೋ ಎಂಬ ಭಯ. ಆಸ್ಲೌಗ್ ಕೂಡ ಮೇ ಹದಿನೇಳಕ್ಕೆ ಹೀಗೇ ಹೋಗುತ್ತಿದ್ದಳು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನನ್ನು ಎಲ್ಲರೂ ನೋಡಿದರು.

"ಏನಮ್ಮಾ, ಒಬ್ಬಳೇ ಬಂದ್ಯಾ? ಯಜಮಾನರು ಬರಲಿಲ್ವಾ?" ಎಂದ ಹಲ್‌ವಾರ್ಡ್.

"ಯಜಮಾನರು ನಿನ್ನ ಕ್ಯಾರಿಬಿಯನ್‌ನಲ್ಲಿ ತೆಂಗಿನಕಾಯಿ ಕೀಳ್ತಿದ್ದಾರೆ," ಎಂದೆ.

ಗುನ್ವೋರ್ ನಗಲಿಲ್ಲ. ನನ್ನ ತಲೆವಸ್ತ್ರದ ಗಂಟು ಸರಿಮಾಡಿ, "ಅಕ್ಕ ಎಡಗಡೆ ಕಟ್ತಿದ್ದಳು," ಎಂದಳು.

ಮೇ 21

ಕೈ ಇನ್ನೂ ಬಿಸಿಯಾಗಿಲ್ಲ. ಅಕ್ಷರ ಹೇಗೋ ಬರಲಿ.

ಮಧ್ಯಾಹ್ನ ಮೂವರು ಹೆಂಗಸರು ಈಜುಬಟ್ಟೆಯಲ್ಲಿ. ಇಬ್ಬರು ಮೊಣಕಾಲಿನವರೆಗೆ ಹೋಗಿ ಹಿಂದೆ ಬಂದರು. ಮೂರನೆಯವಳು, ಚಿಕ್ಕ ಮೈಯವಳು, ನಲವತ್ತು ದಾಟಿರಬೇಕು, ಮುಂದೆ ಮುಂದೆ ಹೋದಳು. ಎಷ್ಟೋ ಹೊತ್ತು ಇದ್ದಳು. ಹೊರಬಂದು ಬಂಡೆಯ ಮೇಲೆ ಕೂತವಳು ಏಳಲಿಲ್ಲ. ಗೆಳತಿಯರು ಫೋನು ಹಿಡಿದು ನಗುತ್ತಲೇ ಇದ್ದರು. ಇವಳೂ ನಗುತ್ತಿದ್ದಳು, ಆದರೆ ನಡುಕ ನಿಂತುಹೋಗಿತ್ತು. ನಡುಕ ನಿಂತ ಮೇಲೆ ನಗು ಒಳ್ಳೆಯದಲ್ಲ. ಮೀನಿಗೆ ಹೋಗಿ ನೀರಿಗೆ ಬಿದ್ದವರನ್ನು ಹಾಗೆ ನೋಡಿದ್ದೇನೆ.

ನಡೆದೇ ಹೋದೆ, ಓಡಲಿಲ್ಲ. ಕೋಟು ಕಳಚಿ ಸುತ್ತಿದೆ, ತಲೆವಸ್ತ್ರದಿಂದ ಕೂದಲು ಒರೆಸಿದೆ. ಹಲ್‌ವಾರ್ಡನಿಗೆ ಫೋನು. ಅವನು ದೋಣಿ ತಂದು ಮೂವರನ್ನೂ ಹತ್ತಿಸಿಕೊಂಡು ಆಚೆ ದಡದ ಆಸ್ಪತ್ರೆಗೆ ಹೊರಟ. ದೋಣಿ ತಿರುವು ದಾಟಿತು. ಆಗ ಚಳಿ ಹತ್ತಿತು. ನೋಡಿಕೊಂಡರೆ ಮೈಮೇಲೆ ಬರೀ ಅಂಗಿ.

ಕೋಟು ಹೋಯಿತು.

ಮೇ 22

ಹಳದಿ ಮಳೆಯಂಗಿಯಲ್ಲಿ ಗೋಡೆಯವರೆಗೆ ಹೋದೆನಷ್ಟೆ. ಮುದುಕಿ ಗೂಡಿನಿಂದ ಹೊರಗೆ ತಲೆ ಹಾಕಿತು. ಇನ್ನೆರಡು ಎದ್ದೇ ಬಿಟ್ಟವು. ಹಿಂದೆ ಸರಿದೆ. ಮೊಟ್ಟೆ ತಣ್ಣಗಾದರೆ ಮುಗಿಯಿತು.

ಮೇ 24

ಗುನ್ವೋರ್ ತನ್ನ ಗಂಡನ ಹಳೆಯ ಕಂದು ಕಂಬಳಿ ಹೊದ್ದು ಪ್ರಯತ್ನಿಸಿದಳು. ಬಾತುಗಳು ಮೋಸ ಹೋಗಲಿಲ್ಲ. ಯಾರೂ ಓಡಾಡದಿದ್ದರೆ ಕಾಗೆಗಳಿಗೆ ಅಂಜಿಕೆಯೇ ಇಲ್ಲ. ಗೋಡೆಯ ಮೇಲೆ ಸಾಲಾಗಿ ಕೂತಿವೆ. ಪಡುವಣ ಗೂಡು ಬರಿದಾಗಿದೆ, ಕಲ್ಲಿನ ಮೇಲೆ ಚಿಪ್ಪು. ಅಡುಗೆಮನೆಯ ಕಿಟಕಿಯಿಂದ ನೋಡುವುದಷ್ಟೇ ನನ್ನ ಪಾಲಿಗೆ.

ಆಸ್ಪತ್ರೆಗೆ ಫೋನು ಮಾಡಿದೆ. ಅವಳು ಬಿಡುಗಡೆಯಾಗಿದ್ದಾಳಂತೆ. ಕೋಟು? ಗೊತ್ತಿಲ್ಲವಂತೆ. ಅವಳ ಪೆಟ್ಟಿಗೆಯಲ್ಲಿ ಪ್ರವಾಸದ ನೆನಪಿಗೆಂದು ಮಡಚಿ ಇಟ್ಟಿರಬೇಕು. ಕಪ್ಪೆಚಿಪ್ಪಿನ ಜೊತೆ. ಹಾಳಾಗಿ ಹೋಗಲಿ. ಮುಳುಗುವುದಕ್ಕೆ ಅವರವರ ದೇಶದಲ್ಲೇ ನೀರಿರುವುದಿಲ್ಲವೇ.

ಮೇ 27, ಸಂಜೆ

ಬಂದಳು. ದೋಣಿಕಟ್ಟೆಯಿಂದ ನೇರವಾಗಿ ದಂಡೆಯ ದಾರಿಯಲ್ಲೇ, ಕೋಟು ಹಾಕಿಕೊಂಡು. ಬಾಗಿಲು ತಟ್ಟಿದಾಗಲೇ ಗೊತ್ತಾದದ್ದು. ಹೆಸರು ಯಿತ್ಕಾ. ಜೆಕ್ ದೇಶದವಳು. ಅವರ ದೇಶಕ್ಕೆ ಸಮುದ್ರವೇ ಇಲ್ಲವಂತೆ. ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಒಂದೇ ಅಂಗಡಿಯ ಹಳೇ ಸಾಮಾನು, ಆದ್ದರಿಂದ ಹೇಗೋ ನಡೆಯಿತು.

"ನೀವು ಕೊಟ್ಟದ್ದು. ತಂದಿದ್ದೇನೆ. ಗೆಳತಿಯರು ಅಂಚೆಯಲ್ಲಿ ಕಳಿಸು ಅಂದರು. ನನಗೆ ಸರಿ ಅನ್ನಿಸಲಿಲ್ಲ."

ಕೋಟು ಬಿಚ್ಚಿ ಕೊಟ್ಟಳು. ನೋಡಿದೆ. ಏನೋ ತಪ್ಪಾಗಿತ್ತು.

"ಉಪ್ಪುನೀರು, ಮಣ್ಣು... ಹಾಗೇ ಹೇಗೆ ಕೊಡುವುದು ಅಂತ ಹೋಟೆಲಿನ ಮಷೀನಿನಲ್ಲಿ ತೊಳೆದೆ. ಬಿಸಿ ನೀರಿನಲ್ಲಿ, ಚೆನ್ನಾಗಿ."

ಚೆನ್ನಾಗಿ. ಶುದ್ಧ ಉಣ್ಣೆಯನ್ನು ಬಿಸಿ ನೀರಿನಲ್ಲಿ. ಕುಗ್ಗಿ ಕಂಬಳಿಯಷ್ಟು ದಪ್ಪಗಾಗಿ ಶಾಲೆಯ ಹುಡುಗಿಯ ಅಳತೆಗೆ ನಿಂತಿದೆ. ತೋಳಿಗೆ ಕೈ ತೂರಿಸಿದೆ, ಮೊಣಕೈಗೆ ಸಿಕ್ಕಿಕೊಂಡಿತು. ಮೂಗಿಗೆ ಹಿಡಿದೆ. ನಿಂಬೆಹಣ್ಣು. ಬರೀ ನಿಂಬೆಹಣ್ಣು.

ಏನು ಹೇಳಿದೆನೋ. "ಟೇಕ್. ಗೋ ಹೋಮ್," ಅಷ್ಟು ಇಂಗ್ಲಿಷಿನಲ್ಲಿ, ಉಳಿದದ್ದು ನಮ್ಮ ಭಾಷೆಯಲ್ಲಿ. ಕೋಟನ್ನು ಅವಳ ಕೈಗೇ ತುರುಕಿದೆ. ಅವಳ ಮುಖ ಬಿಳಿಚಿತು. ಹಾಕಿಕೊಂಡು ಹೋದಳು. ತಲೆವಸ್ತ್ರ ಮಾತ್ರ ಮೇಜಿನ ಮೇಲೆ ಉಳಿದಿದೆ, ಇಸ್ತ್ರಿ ಮಾಡಿ ಮಡಚಿದ್ದು.

ಆಮೇಲೆ ಗುನ್ವೋರ್ ಏದುಸಿರು ಬಿಡುತ್ತ.

"ಭಾವ, ನೋಡಿದ್ರಾ?"

"ನೋಡಿದೆ. ಹಾಳು ಮಾಡಿದ್ದಾಳೆ."

"ಕೋಟಲ್ಲ, ಬಾತು. ಅವಳು ಬರೋವಾಗ, ಹೋಗೋವಾಗ, ಗೂಡಿನ ಪಕ್ಕದಲ್ಲೇ ನಡೆದಳು. ಒಂದೂ ಏಳಲಿಲ್ಲ. ಬೆಳಿಗ್ಗೆಯಿಂದ ಹೊರಗೆ ನಿಂತಿದ್ದ ಮುದುಕಿ, ಅವಳು ಹಾದು ಹೋದ ಮೇಲೆ ಒಳಗೆ ಹೋಗಿ ಕೂತಿತು. ಕಾಗೆಗಳೂ ಎದ್ದು ಹೋದವು. ನಾನು ಕಿಟಕಿಯಲ್ಲೇ ಇದ್ದೆ."

ನಾನು ನೋಡಿರಲಿಲ್ಲ. ನಾನು ತೋಳಿನೊಳಗೆ ಕೈ ಸಿಕ್ಕಿಸಿಕೊಂಡು ಬೈಯುತ್ತಿದ್ದೆ.

"ನಿನಗೆ ಆಗುತ್ತಾ ಆ ಕೋಟು?" ಎಂದೆ.

"ನನಗಾ? ನನ್ನ ಒಂದು ಕಾಲಿಗೆ ಆಗಬಹುದು. ಹೋಗಿ ಕೇಳಿ ಭಾವ. ಮರಿ ಆಗೋವರೆಗೆ ಇರು ಅಂತ. ನನ್ನ ಮಹಡಿ ಕೋಣೆ ಖಾಲಿ ಇದೆ."

"ಪ್ರವಾಸಿಯನ್ನಾ? ನಾನಾ?"

"ಅಲ್ಲ, ಹಲ್‌ವಾರ್ಡನ್ನ ಕಳಿಸಿ. ಅವನು ಅದನ್ನೂ ಜಾಹೀರಾತಿಗೆ ಹಾಕ್ತಾನೆ."

ಮೇ 28, ಬೆಳಿಗ್ಗೆ ಬೇಗ

ನಿದ್ದೆ ಇಲ್ಲ. ಅವಳು ಹಲ್‌ವಾರ್ಡನ ಗುಡಿಸಲಿನಲ್ಲಿ. ಒಂಬತ್ತರ ದೋಣಿಗೆ ಹೊರಡುತ್ತಾಳಂತೆ. ಕಾಗೆಗಳು ಆಗಲೇ ಗೋಡೆಯ ಮೇಲೆ.

ವಾಕ್ಯ ಕಟ್ಟುತ್ತಿದ್ದೇನೆ. "ಪ್ಲೀಸ್ ಸ್ಟೇ ಫಾರ್ ದ ಡಕ್." ಬಾತಿಗೋಸ್ಕರ ಇರಿ. ಹುಚ್ಚನ ಮಾತು. "ಮೈ ವೈಫ್ಸ್ ಕೋಟ್ ಈಸ್ ನೌ ಯೂ." ಹೆಂಡತಿಯ ಕೋಟು ಈಗ ನೀವೇ. ಇನ್ನೂ ಕೆಟ್ಟದು. ಕಾಲೇಜಿನಲ್ಲಿ ದೂರು ಕೊಡುವುದನ್ನು, ಟಿಕೆಟ್ ಕೊಳ್ಳುವುದನ್ನು ಕಲಿಸಿದರು. ಬೇಡುವುದನ್ನು ಕಲಿಸಿದ್ದು ನೆನಪಿಲ್ಲ. ಪಾಠದ ದಿನ ನಾನು ಹೋಗಿರಲಿಲ್ಲವೋ ಏನೋ.

ಏಳೂವರೆ. ತಲೆವಸ್ತ್ರ ಜೇಬಿಗಿಟ್ಟುಕೊಂಡೆ. ಎಡಗಡೆ ಗಂಟು ಎಂದು ಹೇಳಬೇಕು. ಎಡಕ್ಕೆ ಇಂಗ್ಲಿಷಿನಲ್ಲಿ... ಬರುತ್ತದೆ, ದಾರಿಯಲ್ಲಿ ನೆನಪಾಗುತ್ತದೆ.

ಕಿಟಕಿಯಲ್ಲಿ ಕೋಟು. ದಂಡೆಯ ದಾರಿಯಲ್ಲಿ ನಿಂತಿದೆ, ಹೆಗಲಿಗೆ ಚೀಲ. ನನ್ನ ಬೋರ್ಡಿನ ಮುಂದೆ. ನಿನ್ನೆ ಓದಿರಲಿಲ್ಲವೇನೋ, ಈಗ ಓದುತ್ತಿದ್ದಾಳೆ. ಫೋಟೋ ತೆಗೆಯುತ್ತಿಲ್ಲ. ಮನೆಯ ಕಡೆ ನೋಡಿದಳು. ಮತ್ತೆ ಬೋರ್ಡು ನೋಡಿದಳು. ನಿಮ್ಮ ಅಗತ್ಯವಿಲ್ಲ. ಹಿಂದಕ್ಕೆ ತಿರುಗುತ್ತಿ— ಕೂಗುವಂತಿಲ್ಲ. ಹಳದಿ ಅಂಗಿ ಬೇಡ, ಬರೀ ಅಂಗಿಯಲ್ಲೇ, ಹಿಂಬಾಗಿಲಿನಿಂದ, ಓಡದೆ, ಬೇಗ