ಅಮ್ಮಿಯ ಬಾಯಲ್ಲಿ ನಿಮ್ಮ ಹಲ್ಲು

ಭದ್ರಾವತಿ, ಮಾರ್ಚ್ ೧೯೬೩

ಅಬ್ಬಾ,

ನೀವು ತೀರಿಹೋಗಿ ಮೂರು ತಿಂಗಳಾಯಿತು. ಈ ಕಾಗದಕ್ಕೆ ವಿಳಾಸವಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೂ ಹೇಳಲಾರೆ.

ಬೆಳಗಿನ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆಯಿಂದ ನೀವು ಕರೆದಿರಿ: "ದಸ್ತಗೀರ್, ಕೈಕಾಲು ತೊಳ್ಕೊಂಡು ಬಾರೋ." ಅದೇ ಸಿಳ್ಳೆ, ಸಡಿಲವಾದ ಹಲ್ಲಿನ ಅದೇ ಕಟಕಟ. ಒಳಗೆ ಅಮ್ಮಿ ಒಬ್ಬಳೇ ಇದ್ದಳು. ತನ್ನ ಬೊಚ್ಚುಬಾಯಿಗೆ ನಿಮ್ಮ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದಳು.

ಕೂಡಲೇ ಅವಳನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಕೋಟೆ ಹತ್ತಿರ ಹಲ್ಲು ಕಟ್ಟುವ ಡಾಕ್ಟರ ಬಳಿ ಕರೆದೊಯ್ದೆ. ಇದು ನಮ್ಮ ಅಬ್ಬಾನ ಸೆಟ್ಟು ಎಂದು ಹೇಳಿದೆ. ಅವರು ಅದನ್ನು ಅವಳ ಬಾಯಿಂದ ತೆಗೆಸಿ, ತಿರುಗಿಸಿ ನೋಡಿದರು.

"ಎರಡು ವರ್ಷದ ಹಿಂದೇನೇ ಬದಲಾಯಿಸ್ಬೇಕಿತ್ತು. ಹಲ್ಲು ಸವೆದು ಚಪ್ಪಟೆ ಆಗಿದೆ. ಒಸಡು ಕುಗ್ಗಿದ ಮೇಲೆ ಸೆಟ್ಟು ಅಲ್ಲಾಡುತ್ತೆ, ಹುಣ್ಣಾಗುತ್ತೆ, ಮಾತಲ್ಲಿ ಸಿಳ್ಳೆ ಬರುತ್ತೆ. ನಿಮ್ಮ ತಂದೆ ಹೇಳ್ಲಿಲ್ವಾ?"

ಹೇಳಿದ್ದಿರಿ. ರಂಜಾನ್ ಕಳೆಯಲಿ ಎಂದಿದ್ದೆ. ಎರಡು ರಂಜಾನ್ ಕಳೆದವು.

"ಅಮ್ಮನಿಗೆ ಹೊಸದು ಮಾಡೋಣ, ಅಳತೆ ಕೊಡಿ" ಎಂದರು ಡಾಕ್ಟರು. ಅಮ್ಮಿ ಸೆಟ್ಟನ್ನು ಅವರ ಕೈಯಿಂದ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಳು.

"ಬೇಡಪ್ಪಾ. ಇದು ಹೋದ್ರೆ ಅವರ ದನಿ ಹೋಗುತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದಳು. ಕಿಟಕಿಯ ಕಡೆ ಮುಖ ಮಾಡಿದ್ದ ನಾನು ತಿಳಿಯದೆ "ಹ್ಞೂಂ ಅಬ್ಬಾ" ಎಂದುಬಿಟ್ಟೆ. ಅಮ್ಮಿ ತಿದ್ದಲಿಲ್ಲ. ಬಸ್ಸು ಭದ್ರಾ ಸೇತುವೆಯ ಮೇಲೆ ಬಂದಾಗ ಆ ದನಿ ಕೇಳಿತು:

"ಒಸಡು ಉರೀತಿದೆ ಮಗಾ. ಡಾಕ್ಟರ ಹತ್ರ ಯಾವಾಗ ಕರ್ಕೊಂಡು ಹೋಗ್ತೀಯಾ?"

ನಾನು ತಿರುಗಿ ನೋಡಲಿಲ್ಲ.

ನಿಮ್ಮ
ದಸ್ತಗೀರ್