ಏರಿಯ ಬುಡದ ಹಾಲು

ಕಾರಾ-ಬುಲುಂಗ್, ನಾರಿನ್ ಸೀಮೆ
ಭಾನುವಾರ, ೧೦ ಮೇ ೧೯೯೮

ನಮ್ಮ ಮನೆಯವರಿಗೆ ಸೊನುನ್ ಮಾಡುವ ಸಲಾಮು.

ಹೇಗಿದ್ದೀರಿ? ಹೊಟ್ಟೆನೋವು ತುಸುವಾದರೂ ಇಳಿಯಿತೇ? ಬರುವ ಗುರುವಾರ ಬೆಳಿಗ್ಗೆಯೇ ಆಪರೇಷನ್ ಎಂದು ನಿಮ್ಮ ತಂಗಿ ಅಂಚೆಕಚೇರಿಗೆ ಫೋನು ಮಾಡಿ ತಿಳಿಸಿದಳು. ಆಸ್ಪತ್ರೆಯ ಸಾರು ಸಪ್ಪೆ ಎಂದು ಮುಖ ಸಿಂಡರಿಸಿ ಡಾಕ್ಟರ ಹತ್ತಿರ ಜಗಳ ತೆಗೆಯಬೇಡಿ. ಗಡ್ಡೆ ತೆಗೆಯುವ ಕೈ ಅವರದು, ನೆನಪಿರಲಿ. ನಾಳೆ ಬಿಷ್ಕೆಕ್‌ಗೆ ಹೊರಡುವ ಬಸ್ಸಿನವನ ಕೈಲಿ ಈ ಕಾಗದದ ಜೊತೆ ಒಣಮೊಸರಿನ ಉಂಡೆಗಳನ್ನೂ ಕಳಿಸುತ್ತೇನೆ. ಡಾಕ್ಟರು ಬೇಡವೆಂದರೆ ಪಕ್ಕದ ಹಾಸಿಗೆಯವನಿಗೆ ಕೊಡಿ, ಕದ್ದು ತಿನ್ನಬೇಡಿ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದವಳು ಪಕ್ಕದ ಮನೆಯ ಬುರುಲ್ಚಾ. "ನಲವತ್ತೊಂದು ವರ್ಷ ಸಂಸಾರ ಮಾಡಿದೀಯ, ಗಂಡನ ಹೆಸರು ಬರೆಯೋಕೂ ಇನ್ನೂ ನಾಚಿಕೇನೇನೇ?" ಎಂದು ನಕ್ಕಳು. ನನ್ನ ಅತ್ತೆ ಕಲಿಸಿದ್ದು ಹಾಗೆ, ಏನು ಮಾಡಲಿ.

ನೀವು ಮೊದಲು ಕೇಳುವುದು ನನ್ನ ಮಂಡಿನೋವನ್ನಲ್ಲ, ಕೆರೆಯನ್ನು. ನೀರುಗಂಟಿಯನ್ನು ಕಟ್ಟಿಕೊಂಡವಳಿಗೆ ಕೆರೆಯೇ ಸವತಿ ಎಂಬುದು ನನಗೆ ಮದುವೆಯಾದ ವರ್ಷವೇ ಗೊತ್ತಾಯಿತು. ಹಿಮ ಕರಗಿ ನೀರು ಕೋಡಿಗೆ ಎರಡೇ ಗೇಣು ಕಡಿಮೆ ನಿಂತಿದೆ. ನೀವು ಹೇಳಿಹೋದಂತೆ ದಿನಾ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಇಲಿಗಳು ತೋಡಿದ ಹನ್ನೊಂದು ಬಿಲಗಳಿಗೆ ಜೇಡಿಮಣ್ಣು ತುಂಬಿ ಒನಕೆಯಿಂದ ಗುದ್ದಿದ್ದೇನೆ. ಹುಲ್ಲಿನ ಲಾರಿ ಓಡಾಡಿ ಏರಿಯ ನಡುವೆ ತಗ್ಗಾಗಿದ್ದ ಜಾಗ ಮಾತ್ರ ಇನ್ನಷ್ಟು ಕುಸಿದಿದೆ. ಒಬ್ಬಳ ಕೈಲಾಗುವ ಕೆಲಸ ಅದಲ್ಲ.

ಈಗ ನನ್ನ ನಿದ್ದೆಗೆಡಿಸಿದ ವಿಷಯ. ನೀವು ಹೋದ ವಾರವೇ ಏರಿಯ ಕೆಳಮಗ್ಗುಲಲ್ಲಿ, ಬುಡದ ವಿಲೋ ಮರದ ಪಕ್ಕ, ಹೊಸದಾಗಿ ನೀರಿನ ಕಣ್ಣೊಂದು ತೆರೆಯಿತು. ಬೆರಳಿನ ಗಾತ್ರ, ಕನ್ನಡಿಯಂಥ ತಿಳಿನೀರು. ಒರತೆ ಕಂಡರೆ ನಮ್ಮವರು ಬಿಡುತ್ತಾರೆಯೇ? ಯಾರೋ ಒಬ್ಬರು ಮರಕ್ಕೆ ಹರಕೆಯ ಬಟ್ಟೆ ಕಟ್ಟಿದರು. ಯಾರೆಂದು ಆಮೇಲೆ ಹೇಳುತ್ತೇನೆ. ನಾಲ್ಕೇ ದಿನದಲ್ಲಿ ಎಲೆ ಕಾಣದಷ್ಟು ಬಟ್ಟೆಚೂರುಗಳಾದವು. ಕಣ್ಣು ನೋಯುವವರು ಬಂದರು, ಮಕ್ಕಳಾಗದವರು ಬಂದರು, ಸೇನೆಗೆ ಮಗನನ್ನು ಕಳಿಸಿದವರು ಬಂದರು. ಮೊನ್ನೆ ಶುಕ್ರವಾರ ನೀರು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಬುರುಲ್ಚಾ ಏದುಸಿರು ಬಿಡುತ್ತ ಬಂದು, "ಹಾಲು ಬಂತು ಕಣೇ, ಹಾಲು! ನಮ್ಮ ಪುಣ್ಯ!" ಎಂದಳು. ಬಿಳಿಯದು ಎಂದ ಮೇಲೆ ನಮ್ಮಲ್ಲಿ ಯಾರು ಎದುರಾಡುತ್ತಾರೆ? ಮನೆಗೆ ಹೊಕ್ಕ ಹಾವಿಗೂ ಹಾಲು ಸುರಿದು ಸಾಗಹಾಕುವ ಜನ ನಾವು. ಅಲ್ಲೇ ಒಂದು ಕುರಿ ಕಡಿದು ಊರಿಗೆಲ್ಲ ಹಂಚಿದರು.

ನನಗೆ ಮಾತ್ರ ನಿಮ್ಮ ಮಾತು ನೆನಪಾಯಿತು. "ಏರಿ ಜಿನುಗಿದ್ರೆ ಕಣ್ಣಿಟ್ಟಿರು, ಬಣ್ಣ ತಗೊಂಡು ಜಿನುಗಿದ್ರೆ ಓಡು" ಎಂದು ಚಹಾ ಹೀರುತ್ತ ನೂರು ಸಲ ಹೇಳಿದವರು ನೀವಲ್ಲವೇ? ಆ ನೀರನ್ನು ಗಾಜಿನ ಜಾಡಿಯಲ್ಲಿ ತಂದು ಕಿಟಕಿಯ ಹತ್ತಿರ ಇಟ್ಟೆ. ರೊಟ್ಟಿ ಬೇಯುವಷ್ಟರಲ್ಲಿ ತಳದಲ್ಲಿ ಎರಡು ಬೆರಳು ದಪ್ಪ ಮಣ್ಣು ಕೂತಿತ್ತು. ಏರಿಗೆ ಹಾಕಿದ ಅದೇ ಬಿಳಿ ಜೇಡಿಮಣ್ಣು. ನಿನ್ನೆ ಯುದ್ಧ ಗೆದ್ದ ದಿನದ ಹಬ್ಬಕ್ಕೆ ಎಲ್ಲರೂ ಶಾಲೆಯ ಅಂಗಳದಲ್ಲಿ ಸೇರಿದ್ದಾಗ ಜಾಡಿ ಹಿಡಿದುಕೊಂಡೇ ಹೋದೆ. "ಹಾಲಿನ ತಳದಲ್ಲಿ ಮಣ್ಣು ಕೂರುತ್ತೇನ್ರಪ್ಪಾ? ಏರಿ ಒಳಗೊಳಗೇ ಕೊಚ್ಚಿ ಹೋಗ್ತಿದೆ, ತೂಬು ತೆಗೀರಿ" ಎಂದೆ. ಊರ ಮುಖ್ಯಸ್ಥ ಶಾರ್ಶೆನ್ ನಕ್ಕುಬಿಟ್ಟ. "ಅಕ್ಕಾ, ಗಂಡ ಆಸ್ಪತ್ರೇಲಿದಾನೆ, ನಿನ್ನ ತಲೆ ನೆಟ್ಟಗಿಲ್ಲ. ಈಗ ನೀರು ಬಿಟ್ಟು ಬೇಸಿಗೇಲಿ ಊರಿಗೆ ಏನು ಕುಡಿಸ್ತೀಯಾ?" ಎಂದ. ಜಿಲ್ಲೆಯ ಎಂಜಿನಿಯರ್ ಬರುವುದು ಮುಂದಿನ ವಾರವಂತೆ. ಬುರುಲ್ಚಾ ಬೇರೆ ಎಲ್ಲರೆದುರು ನನ್ನ ತೋಳು ಹಿಡಿದು, "ತೂಬು ತೆಗೆದು ಒರತೆ ಬತ್ತಿದ್ರೆ, ಹರಕೆ ಹೊತ್ತವರ ಗತಿ ಏನೇ?" ಎಂದು ಕೇಳಿದಳು. ನಾಚಿಕೆಗೇಡು, ಜಾಡಿ ಹಿಡಿದುಕೊಂಡು ಮನೆಗೆ ಬಂದೆ.

ಆದರೆ ಆ ಅಂಗಳ ಏರಿಯ ಬುಡಕ್ಕೆ ಮುನ್ನೂರು ಹೆಜ್ಜೆ, ಅಷ್ಟೇ. ನಾಳೆ ಬೆಳಿಗ್ಗೆ ಅರವತ್ತು ಮಕ್ಕಳು ಅಲ್ಲಿ ಬಂದು ಕೂರುತ್ತಾರೆ. ತೂಬಿನ ಕೀಲಿ ನನ್ನ ಸೊಂಟದಲ್ಲಿದೆ. ನನಗೆ ಭಯವಾಗುತ್ತಿದೆ, ಬರೀ ನೀರಿನ ಭಯವಲ್ಲ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ.

ದೇವರು ನಿಮ್ಮ ಹೊಟ್ಟೆಗೆ ತಂಪು ಕೊಡಲಿ, ಡಾಕ್ಟರ ಕೈಗೆ ಗುಣ ಕೊಡಲಿ. ನಿಮ್ಮ ತಂಗಿಗೂ ಅವಳ ಮಕ್ಕಳಿಗೂ ನನ್ನ ಅಕ್ಕರೆ ತಿಳಿಸಿ.

ಇಂತಿ ನಿಮ್ಮ ಮನೆಯಾಕೆ,
ಸೊನುನ್

ಮರೆತ ಮಾತು: ಸೋಮವಾರ ಮಧ್ಯಾಹ್ನ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಸಹಿ ಹಾಕಿದವಳೇ ನೇರ ಏರಿಗೆ ಹೋಗಿ ತೂಬು ತೆಗೆದೆ. ಚಕ್ರ ತುಕ್ಕು ಹಿಡಿದಿತ್ತು, ಹಾರೆ ಹಾಕಿ ತಿರುಗಿಸಿದೆ. ನೀರು ಒಂದಾಳು ಇಳಿದಿದೆ. ಏರಿಯ ಒಳಮಗ್ಗುಲಲ್ಲಿ, ಆ ತಗ್ಗಿನ ನೇರಕ್ಕೆ, ಕುರಿ ನುಗ್ಗುವಷ್ಟು ದೊಡ್ಡ ಪೊಟರೆ ಕಾಣಿಸಿತು. ಬಯ್ಯಲು ಬಂದ ಶಾರ್ಶೆನ್ ಅದನ್ನು ನೋಡಿ ಟೋಪಿ ತೆಗೆದ. ಶಾಲೆಗೆ ಅವನೇ ರಜೆ ಕೊಟ್ಟ. ಬುಡದ ಒರತೆ ಪೂರ್ತಿ ಬತ್ತಿದೆ. ಬುರುಲ್ಚಾ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ವಿಧವೆಯನ್ನು ನೋಡುವಂತೆ ನೋಡುತ್ತಾಳೆ. ಯಾಕೆಂದರೆ ಆ ಮರಕ್ಕೆ ಮೊದಲ ಬಟ್ಟೆ ಕಟ್ಟಿದವಳು ನಾನೇ. ನಿಮ್ಮ ಹಳೆಯ ಅಂಗಿಯ ಚೂರು, ನಿಮ್ಮ ಆಪರೇಷನ್ನಿಗೆಂದು. ನೋಡಿ ನೋಡಿಯೇ ಏರಿಯ ಸೋರಿಕೆಗೆ ಕೈಮುಗಿದೆ. ನಿಮ್ಮ ಹೆಸರು ಹೊತ್ತ ನೀರನ್ನು ನನ್ನ ಕೈಯಾರೆ ನಿಲ್ಲಿಸಿದ್ದೇನೆ. ಮರಕ್ಕೆ ಕಟ್ಟಿದ ಆ ಚೂರು ಬಿಚ್ಚಿಲ್ಲ, ಅದನ್ನು ನೀವೇ ಬಂದು ಬಿಚ್ಚಬೇಕು. ಇನ್ನು ಬೇಡಿಕೊಳ್ಳಲು ಒರತೆಯೂ ಇಲ್ಲ, ನಿಮ್ಮನ್ನೇ ಕೇಳುತ್ತಿದ್ದೇನೆ. ಇವತ್ತು ನಿಮ್ಮ ಹೆಸರನ್ನು ನಾನೇ ಬರೆಯುತ್ತೇನೆ, ಅತ್ತೆ ಕ್ಷಮಿಸಲಿ. ಎದ್ದು ಮನೆಗೆ ಬನ್ನಿ, ಕಾದಿರಾಲಿ.