ನಿನಗೆ ಕೇಳಿಸದೆ ಹೋದ ಬೈಗುಳ

ಗೆಳತಿ,

ಹಾಗೆ ಕರೆಯಲು ಇನ್ನೂ ಮನಸ್ಸು ಒಪ್ಪುವುದಿಲ್ಲ. ಹೇಗಿದ್ದರೂ ಈ ಪತ್ರವನ್ನು ಕಳಿಸುವವಳಲ್ಲ ನಾನು.

ದ್ವೇಷದ ಅಪರಾಧಗಳ ಕಾನೂನು ಕಲಿಯಲು ಹಲವು ದೇಶಗಳ ವಿದ್ಯಾರ್ಥಿಗಳ ಜೊತೆ ಕೂತಿದ್ದೇನೆ. ಇವತ್ತು ಪ್ರೊಫೆಸರ್, "ಬರೀ ಹೊಡೆದಾಟಕ್ಕೂ ದ್ವೇಷದ ಹಲ್ಲೆಗೂ ಏನಮ್ಮ ವ್ಯತ್ಯಾಸ?" ಎಂದು ನನ್ನನ್ನೇ ಕೇಳಿದರು.

"ಹೊಡೆಯುವಾಗ ಆಡಿದ ಮಾತು ಸರ್. ಅದನ್ನ ಕೇಳಿಸ್ಕೊಂಡೆ ಅಂತ ಕೋರ್ಟಲ್ಲಿ ಹೇಳೋಕೆ ಒಬ್ರು ಬೇಕು."

ಉದಾಹರಣೆ ಕೊಡು ಎಂದರು. ಅಣ್ಣನ ಕಥೆಯನ್ನು ಯಾರದೋ ಕಥೆಯೆಂಬಂತೆ ಹೇಳಿದೆ. ನಮ್ಮ ಜನರನ್ನು ಹೀನಾಯವಾಗಿ ಬೈಯುತ್ತಾ ಬಸ್ ನಿಲ್ದಾಣದಲ್ಲಿ ಕೆಲವರು ಅವನನ್ನು ತುಳಿದರು. ಅವನ ಎಡಗಣ್ಣು ಹೋಯಿತು. ತಂಗಿ ಅಣ್ಣನ ಪರವಾಗಿಯೇ ಹೇಳುತ್ತಾಳೆಂದು ಕೋರ್ಟು ಅವಳ ಮಾತನ್ನು ಪಕ್ಕಕ್ಕಿಟ್ಟಿತು. ಆ ದಿನ ನಿಲ್ದಾಣದಲ್ಲಿ ಅವಳ ಜೊತೆಗೇ ನಿಂತಿದ್ದ ಗೆಳತಿ ಕಟಕಟೆಯಲ್ಲಿ, "ಬೈದಿದ್ದು ನಂಗೆ ಕೇಳಿಸ್ಲಿಲ್ಲ" ಎಂದಳು. ಕುಡುಕರ ಜಗಳವೆಂದು ತೀರ್ಪಾಯಿತು.

ಹಿಂದಿನ ಬೆಂಚಿನವನು ಮೂಗು ಮುರಿದ. "ಎಂಥ ಗೆಳತಿ ಅವಳು? ಶುದ್ಧ ಹೇಡಿ!"

"ಬಾಯಿ ಮುಚ್ಚು," ಎಂದು ಕಿರುಚಿದೆ. "ಹೊಡೆದವರ ಬೀದೀಲೇ ಅವಳ ಮನೆ ಇತ್ತು. ಅವಳಿಗೂ ಒಬ್ಬ ತಮ್ಮ ಇದ್ದ. ನಿಂಗೇನ್ ಗೊತ್ತು?"

ಇಡೀ ಕ್ಲಾಸು ನನ್ನನ್ನೇ ನೋಡಿತು. ಅದು ಯಾರ ಕಥೆಯೆಂದು ಎಲ್ಲರಿಗೂ ತಿಳಿದುಹೋಯಿತು.

ಇಷ್ಟು ವರ್ಷ ನಿನ್ನನ್ನು ಅದೇ ಮಾತಿನಿಂದ ಶಪಿಸಿದವಳು ನಾನು. ಬೇರೆಯವನ ಬಾಯಲ್ಲಿ ಕೇಳಿದಾಗ ಯಾಕೆ ಸಹಿಸಲಾಗಲಿಲ್ಲವೋ! ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ನಿನಗಾಗಿ ಅಲ್ಲ, ತಿಳಿದುಕೊ.